ಸೀಟಿಗೂ ಖಂಡೇಪೂಜೆ

ಹುಸೇನ್ ಸಾಗರದ ದಂಡೆಯಲ್ಲಿ ಆ ಭಾನುವಾರ ಏನು ಗದ್ದಲ, ಏನು ಗದ್ದಲ! ಸಾಫ್ಟ್‌ವೇರ್ ಕಂಪನಿಗಳ ಹಾಯಿದೋಣಿ ಪಂದ್ಯ. ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಾಗಿಸಿಕೊಂಡವರೆಲ್ಲ ಇವತ್ತು ನಾವಿಕರೇ! ಮಲ್ಕಾಜ್‌ಗಿರಿಯ ಶೀತಲಳಂತೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆರು ತಿಂಗಳು ಬೆಳಗ್ಗೆ ಐದಕ್ಕೇ ಎದ್ದು ಕಲಿತ ವಿದ್ಯೆ; ಮೊದಲ ಸಲ ಚುಕ್ಕಾಣಿ ಅವಳ ಕೈಗೆ ಬಂದಿತ್ತು.

ಆದರೆ ದೋಣಿ ಬಿಡುವ ಮುಂಚೆ ತಪಾಸಣೆ. ಅದನ್ನು ಮಾಡುವ ರಾಯಚೂರಿನ ನರಸಿಂಹ ಸರ್ ಭಾರಿ ಕಟ್ಟುನಿಟ್ಟು. ಅವಳ ಚೀಲ ಬಿಚ್ಚಿದವರೇ ಹುಬ್ಬೇರಿಸಿದರು. ಲೈಫ್ ಜಾಕೆಟ್ಟಿಗೆ ಅರಿಶಿನ, ಟಾರ್ಚಿಗೆ ವಿಭೂತಿ, ನೀರು ಎತ್ತಿಹಾಕುವ ಡಬ್ಬಿಗೆ ಚೆಂಡುಹೂವು, ಕೆಂಪು ಬಾವುಟಕ್ಕೆ ಕುಂಕುಮ, ಸೀಟಿಗೂ ಗಂಧ-ಕುಂಕುಮ!

"ಏನವ್ವಾ ಇದು, ದೋಣಿ ಸಾಮಾನೋ, ದೇವರ ಜಗಲಿಯೋ?"

ಶೀತಲ ನಾಚಿ ನೆಲ ನೋಡಿದಳು. ಅವಳ ಅವ್ವ ಪಾರ್ವತಿಬಾಯಿ ನೀರೆಂದರೆ ನಡುಗುವವಳು. "ಹೋಗಬ್ಯಾಡ" ಎಂದು ವಾರವಿಡೀ ಅತ್ತು, ಕಡೆಗೆ ಆಯುಧಗಳ ಹಬ್ಬವಾದ ಖಂಡೇಪೂಜೆಯ ದಿನ ಈಳಿಗೆ, ಸುತ್ತಿಗೆಗಳ ಜೊತೆ ಈ ಚೀಲದ ಸಾಮಾನನ್ನೂ ಇಟ್ಟು ಪೂಜಿಸಿದ್ದಳು.

"ಇರ್ಲಿ. ಸೀಟಿ ಊದ್ರಿ. ನೂರು ಹೆಜ್ಜಿ ದೂರ ಕೇಳ್ಬೇಕು. ಇಲ್ಲಾಂದ್ರ ದೋಣಿ ಬಿಡಂಗಿಲ್ಲ."

ಊದಿದಳು. ಫುಸ್! ಮತ್ತೆ ಊದಿದಳು. ಫುಸ್! ಗಂಧ, ಕುಂಕುಮ ಒಳಗೆ ಸೇರಿ ಗಟ್ಟಿಯಾಗಿ ಕೂತಿತ್ತು. ಎರವಲು ಸೀಟಿ ನಡೆಯುವುದಿಲ್ಲ. ಉಳಿದದ್ದು ಐದೇ ನಿಮಿಷ. ಅಯ್ಯೋ, ಎಲ್ಲ ಹಾಳಾಯಿತು! ಶೀತಲ ಅಳುತ್ತಲೇ ಹಿಂದೆ ನಿಂತಿದ್ದ ಅವ್ವನ ಮೇಲೆ ಹರಿಹಾಯ್ದಳು.

"ನೀ ಗೆದ್ದಿ ಬೇ ಯವ್ವಾ! ಇನ್ನ ನಾ ಎಲ್ಲೂ ಹೋಗಂಗಿಲ್ಲ!"

ಪಾರ್ವತಿಬಾಯಿ ನೀರು ನೋಡಿದಳು, ಮಗಳ ಮುಖ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು, ಮಗಳು ದಂಡೆಯಲ್ಲೇ ಉಳಿಯುತ್ತಿದ್ದಳು. ಆದರೆ ಆಕೆ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಸೀಟಿ ಕಸಿದುಕೊಂಡು, ಕೆರೆದು ಕೆರೆದು ಕುಂಕುಮ ತೆಗೆದಳು. ಸೆರಗಿನಿಂದ ಒರೆಸಿ ಮಗಳ ಕೈಗಿಟ್ಟು, ಜನರನ್ನು ತಳ್ಳಿಕೊಂಡು ದಂಡೆಗುಂಟ ನಡೆದೇ ನಡೆದಳು. ನೂರು ಹೆಜ್ಜೆ ಆಯಿತು, ಇನ್ನೂರಾಯಿತು.

"ಸಾಕ್ರೀ ಅಮ್ಮಾ!" ನರಸಿಂಹ ಸರ್ ಕೂಗಿದರು.

ನಿಲ್ಲಲೇ ಇಲ್ಲ ಪುಣ್ಯಾತ್ಗಿತ್ತಿ! ದೋಣಿಗಳು ಸುತ್ತು ಹಾಕಿ ಮರಳಬೇಕಾದ ಕಿತ್ತಳೆ ಬಣ್ಣದ ಗುರುತು ನೀರಿನಲ್ಲಿ ಎಲ್ಲಿ ತೇಲುತ್ತಿತ್ತೋ, ಅದರ ನೇರಕ್ಕೆ ಹೋಗಿ ನಿಂತಳು.

ಶೀತಲ ಇದ್ದ ಉಸಿರನ್ನೆಲ್ಲ ಹಾಕಿ ಊದಿದಳು. ಸೀಟಿ ಕಿರ್ರೆಂದು ಚೀರಿತು. ದೂರದಲ್ಲಿ ಅವ್ವನ ಎರಡೂ ಕೈ ಮೇಲೆದ್ದವು. ಗಾಳಿಯ ಜೊತೆ ಅವಳ ದನಿಯೂ ಬಂತು.

"ಕೇಳಿಸ್ತವ್ವಾ, ಕೇಳಿಸ್ತು! ಹೋಗು, ನಾ ಇಲ್ಲೇ ನಿಂತಿರ್ತೀನಿ!"