ಹಾರ್ಮೆನ್ ಕ್ಯಾರಿಯರ್ ಹತ್ತಿದ್ದು

ಅಯ್ಯೋ, ಒಂದು ನಿಮಿಷ ನಿಲ್ಲಿ! ಕಾರು ಆಮೇಲೆ ಸ್ಟಾರ್ಟ್ ಮಾಡಿ, ಮೊದಲು ನಮ್ಮ ನೆದರ್ಲೆಂಡ್ಸ್‌ನ ಗ್ರೋನಿಂಗನ್ ಊರಿನ ಹಾರ್ಮೆನ್ ಕಥೆ ಕೇಳಿಬಿಡಿ.

ಹಾರ್ಮೆನ್ ಹೊಸ ಕಾರು ತಗೊಂಡಿದ್ದ. ಬೀದಿ ತುದಿಯ ಬೇಕರಿಗೂ ಅದರಲ್ಲೇ ಸವಾರಿ. ಅವತ್ತು ಮಗಳು ಇಮ್ಕೆಗೆ ಈಜು ಪರೀಕ್ಷೆ. ನಮ್ಮಲ್ಲಿ ಗೊತ್ತಲ್ಲ, ಬಟ್ಟೆ, ಶೂ ಎಲ್ಲ ಹಾಕ್ಕೊಂಡೇ ನೀರಿಗೆ ಹಾರ್ಬೇಕು. ಕಾಲುವೆಗೆ ಬೀಳೋರು ಈಜುಡುಗೆ ಹಾಕ್ಕೊಂಡು ಬೀಳ್ತಾರಾ?

ಹೆಂಡತಿ ಲೀಸ್ ಮಗಳನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಹೊರಟ್ಲು.

"ನೀರಿಗೆ ಹಾರೋ ಬಟ್ಟೆ, ಶೂ ಇರೋ ಚೀಲ ನಂಗೆ ಕೊಡು. ನಿಮಗಿಂತ ಮುಂಚೆ ಅಲ್ಲಿರ್ತೀನಿ," ಅಂದ ಹಾರ್ಮೆನ್.

"ಬಟ್ಟೆ ಬರ್ಲಿಲ್ಲ ಅಂದ್ರೆ ಮಗೂನ ನೀರಿಗೆ ಬಿಡಲ್ಲ, ನೋಡು ಮತ್ತೆ."

"ಕಾರು ಕಣೇ ಇದು!"

ಈಗ, ನಮ್ಮೂರಲ್ಲಿ ನೇರ ಊರ ನಡುವೆ ಹಾದುಹೋಗೋ ದಾರಿ ಸೈಕಲ್‌ಗೆ ಮಾತ್ರ. ಕಾರಿನೋರು ಊರಾಚೆ ಸುತ್ತಿಕೊಂಡು ಬರ್ಬೇಕು. ಹಾರ್ಮೆನ್‌ಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಆದ್ರೆ ಚಿಕ್ಕಂದಿನಿಂದ ಸೈಕಲ್ ತುಳಿದ ಜೀವ ಅದು. ಏನೋ ಹಾಡು ಗುನುಗ್ತಿದ್ದ, ಕೈ ತನ್ನ ಪಾಡಿಗೆ ಸ್ಟೀರಿಂಗನ್ನ ಸೈಕಲ್ ದಾರಿಗೇ ತಿರುಗಿಸಿಬಿಡ್ತು! ಎದುರಿಗೆ ರಸ್ತೆ ಮಧ್ಯೆ ಕಾರು ತಡೆಯೋ ಕಬ್ಬಿಣದ ಗೂಟ. ಹಿಂದೆ, ಅಲ್ಲಿನ ಅಂಗಡಿಗೆ ಮೀನು ಇಳಿಸೋಕೆ ಬಂದ ವ್ಯಾನ್.

"ಮೀನು ಇಳಿಸೋವರೆಗೂ ನಾನಂತೂ ಅಲ್ಲಾಡಲ್ಲಪ್ಪ," ಅಂದ ವ್ಯಾನಿನವನು.

ಅಷ್ಟರಲ್ಲಿ ಪಕ್ಕದ ಮನೆ ಫೆನ್ನಕ್ಕ ಸೈಕಲ್ ಮೇಲೆ ಬಂದ್ಲು. "ಏನೋ, ಕಾರನ್ನ ಗೂಟಕ್ಕೆ ಕಟ್ಟಿದ್ದೀಯಾ? ಹುಲ್ಲು ಹಾಕ್ಲಾ?"

"ತಮಾಷೆ ಬೇಡ ಫೆನ್ನಕ್ಕ! ಇಮ್ಕೆ ಬಟ್ಟೆ ನನ್ನ ಹತ್ರ ಇದೆ. ಪರೀಕ್ಷೆ ಇನ್ನೇನು ಶುರು."

"ಹಂಗಾದ್ರೆ ಕ್ಯಾರಿಯರ್ ಹತ್ತು."

"ಸೂಟು ಹಾಕ್ಕೊಂಡಾ? ಜನ ನೋಡ್ತಾರೆ!"

"ಜನ ನೋಡ್ಲಿ ಅಂತ ತಾನೆ ಕಾರು ತಗೊಂಡಿದ್ದು? ಈಗ ಇನ್ನೂ ಚೆನ್ನಾಗಿ ನೋಡ್ತಾರೆ, ಬಾ!"

ಹಾರ್ಮೆನ್ ನಿಂತ ಸೈಕಲ್ ಮೇಲೇ ಧೊಪ್ಪಂತ ಕೂತ. ಮುಂದಿನ ಚಕ್ರ ಮೇಲೆದ್ದು, ಬುಟ್ಟೀಲಿದ್ದ ಈರುಳ್ಳಿ ಎಲ್ಲ ರಸ್ತೆಪಾಲು.

"ಲೋ ದಡ್ಡ, ನಾನು ತುಳಿಯೋಕೆ ಶುರು ಮಾಡಿದ್ಮೇಲೆ ಓಡ್ಬಂದು ಹಾರಿ ಕೂರೋದು! ಕಾರಲ್ಲಿ ಕೂತೂ ಕೂತೂ ಇದೂ ಮರೆತ್ಯಾ?"

ಓಡಿದ. ಹಾರಿದ. ಪ್ಯಾಂಟು ಪರ್ರಂತ ಹರೀತು. ಆದ್ರೂ ಕೂತ!

ಅಲ್ಲಿ ಈಜುಕೊಳದ ಹತ್ರ ಮೇಷ್ಟ್ರು, "ಮುಂದಿನ ಸಲ ನೋಡೋಣ ಪುಟ್ಟಿ," ಅಂತಿದ್ರು. ಇಮ್ಕೆ ಕಣ್ಣಲ್ಲಿ ನೀರು.

"ಬಂದೆ! ಬಟ್ಟೆ ಬಂತು!" ಅಂತ ಬಾಗಿಲಿಂದಲೇ ಕೂಗಿದ ಹಾರ್ಮೆನ್.

ಇಮ್ಕೆ ಬಟ್ಟೆ ಹಾಕ್ಕೊಂಡ್ಲು, ಶೂ ಕಟ್ಕೊಂಡ್ಲು, ದುಡುಂ! ಈಜಿ ಆಚೆ ದಡ ಮುಟ್ಟೇಬಿಟ್ಲು. ಪಾಸು!

ಲೀಸ್ ಗಂಡನ ಪ್ಯಾಂಟು ನೋಡಿದ್ಲು. "ಕಾರೆಲ್ಲಿ?"

"ಗೂಟದ ಹತ್ರ ನಿಂತು ಮೀನು ಕಾಯ್ತಿದೆ. ಇನ್ಮೇಲೆ ದೂರದೂರಿಗಷ್ಟೇ ಅದು. ಊರೊಳಗೆ ಸೈಕಲ್ಲೇ ಕಣೇ."

ನೀವೂ ಅಷ್ಟೇ ಮಾಡಿ. ಹತ್ತಿರದ ಕೆಲಸಕ್ಕೆ ಸೈಕಲ್ ತೆಗೀರಿ. ಹೊಗೆ ಇಲ್ಲ, ನಿಲ್ಲಿಸೋಕೆ ಜಾಗ ಹುಡುಕೋ ಗೋಳಿಲ್ಲ, ಕಾಲಿಗೂ ಒಳ್ಳೇದು. ಸರಿ, ಈಗ ನಿಜ ಹೇಳಿ: ಮಗಳ ಬಟ್ಟೆ ಹಿಡ್ಕೊಂಡು ಆ ಗೂಟದ ಮುಂದೆ ನೀವಿದ್ದಿದ್ರೆ, ಫೆನ್ನಕ್ಕನ ಹಿಂದೆ ಹಾರಿ ಕೂರ್ತಿದ್ರಾ, ಇಲ್ಲ ಜನ ನೋಡ್ತಾರೆ ಅಂತ ಅಲ್ಲೇ ಹಾರ್ನ್ ಹೊಡೀತಿದ್ರಾ?