ಬಂದಿಲ್ಲ ಅಂದ ಕಾಗದ

ಹೂಳಲು ಗುಣಿಗೆ ಇಳಿಸುವಾಗ ಜಗದಾಂಬಳ ತಲೆ ಅಣ್ಣನ ಭುಜಕ್ಕೆ ವಾಲಿತು. ಗುಣಿಯೊಳಗೆ ನಿಂತಿದ್ದ ಅಣ್ಣ ಮಹಾಲಿಂಗಯ್ಯ ಹಿಡಿತ ಸಡಿಲಿಸಿಬಿಟ್ಟರು.

"ಗಟ್ಟಿಯಾಗಿ ಹಿಡ್ಕಳಿ ಪೋಸ್ಟ್ ಮಾಸ್ಟ್ರೇ, ಕೂತಂಗೇ ಇರ್ಬೇಕು," ಎಂದರು ಕ್ರಿಯೆ ಮಾಡಿಸುತ್ತಿದ್ದ ಪರ್ವತಯ್ಯನವರು. ಮಣ್ಣಿನ ಗೋಡೆಗೆ ಒರಗಿಸಿ ಕೂರಿಸಿ, ಎಡ ಅಂಗೈಗೆ ಲಿಂಗ ಇಟ್ಟರು.

ಗುಣಿಯ ದಂಡೆಯ ಮೇಲೆ ನೆರೆಮನೆಯ ಚನ್ನಮಲ್ಲಮ್ಮ ಕಣ್ಣೊರೆಸಿಕೊಂಡಳು. "ಮಧುಗಿರಿ ಸೀಮೇಲಿ ದಿನಾ ಮಳೆ ಅಳ್ದು ಬರ್ದಿಟ್ಟ ಹೆಂಗ್ಸು ಇವ್ಳೊಬ್ಳೇ ಕಣಮ್ಮ. ವಿಲಾಯ್ತೀಲಿ ಹುಟ್ಟಿದ್ರೆ ಎಲ್ಲಿರ್ತಿದ್ಳೋ!"

ಮಹಾಲಿಂಗಯ್ಯನವರಿಗೆ ಚುಚ್ಚಿದಂತಾಯಿತು. ಅವರ ಸೊಂಟದಲ್ಲಿ ಎರಡು ವಿಲಾಯತಿ ಕಾಗದಗಳಿದ್ದವು. ಒಂದು ಏಳು ವರ್ಷ ಹಳೆಯದು. ಇನ್ನೊಂದು ಆ ಬೆಳಗಿನ ಟಪಾಲಿನಲ್ಲಿ ಬಂದದ್ದು, ಇನ್ನೂ ಒಡೆದಿರಲಿಲ್ಲ.

*

"ಅಣ್ಣಾ, ಲಂಡನ್ನಿಂದ ನಂಗೇನಾದ್ರೂ ಬಂತಾ?"

ಏಳು ವರ್ಷದ ಹಿಂದೆ ದಿನಾ ಟಪಾಲಿನ ಹೊತ್ತಿಗೆ ಜಗದಾಂಬ ಪೋಸ್ಟಾಫೀಸಿನ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ವಿಜ್ಞಾನ ಓದಿದ ಹೆಂಗಸರು ದೇಶದೇಶಗಳಿಂದ ಸೇರಿ ಕಟ್ಟಿಕೊಂಡ ಸಂಘ ಅಲ್ಲೊಂದಿತ್ತು. ತನ್ನ ಮಳೆಯ ಲೆಕ್ಕ ಕಳಿಸಿ, ಮುಂದೆ ಓದಬೇಕೆಂದು ಅವರಿಗೆ ಬರೆದಿದ್ದಳು. ಬಾ, ಓದು, ಹಡಗಿನ ಖರ್ಚೂ ನಮ್ಮದೇ ಎಂದು ಉತ್ತರವೂ ಬಂದಿತ್ತು. ನೆಂಟರು ಏನೆಂದಾರೋ, ಇವಳು ವಾಪಸ್ಸೇ ಬಾರದಿದ್ದರೋ ಎಂದು ಹೆದರಿ ಮಹಾಲಿಂಗಯ್ಯನವರೇ ಅದನ್ನು ಬಚ್ಚಿಟ್ಟಿದ್ದರು.

"ಬಂದಿಲ್ಲ ಕಣಮ್ಮ."

ಒಂದು ದಿನವಲ್ಲ, ಒಂದು ವರ್ಷ! ಕೊನೆಗೆ ಅವಳೇ ಕೇಳುವುದನ್ನು ಬಿಟ್ಟಳು. "ನನ್ ಲೆಕ್ಕ ಅವ್ರಿಗೆ ಸಾಲ್ದಾಯ್ತೇನೋ," ಎಂದು ನಕ್ಕಿದ್ದಳು.

*

ಪರ್ವತಯ್ಯನವರು ವಿಭೂತಿ ಸುರಿಯತೊಡಗಿದರು. ಮಹಾಲಿಂಗಯ್ಯ ಹಳೆಯ ಕಾಗದವನ್ನು ಮೆಲ್ಲಗೆ ತಂಗಿಯ ತೊಡೆಯ ಪಕ್ಕ ತೂರಿಸಿ ಮೇಲೆ ವಿಭೂತಿ ಎಳೆದರು. ಅವಳಿಗೆ ತಲುಪಿಸಿದಂತೆಯೂ ಆಯಿತು, ಯಾರಿಗೂ ಕಾಣದಂತೆಯೂ ಆಯಿತು. ಥೂ, ಇದೂ ಬಚ್ಚಿಡುವುದೇ ಅಲ್ಲವೇ!

ಹೊಸದನ್ನೂ ಹಾಕಿಬಿಡಲೇ? ಕೈ ಸೊಂಟಕ್ಕೆ ಹೋಗಿತ್ತು. ಅಷ್ಟರಲ್ಲಿ ಮೇಲೆ ಲಕ್ಕಮ್ಮ ಬಿಕ್ಕಿದಳು. ದೊಡ್ಡೇರಿಯ ಹುಡುಗಿ, ಜಗದಾಂಬಳ ಶಿಷ್ಯೆ, ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿದವಳು.

"ನನ್ ಸಲ್ವಾಗಿ ಆ ಸಂಘಕ್ಕೆ ಬರ್ದಿದ್ರು. ಉತ್ರ ಬರೋಕ್ ಮುಂಚೇನೇ ಓಗ್ಬುಟ್ರಲ್ಲ!"

"ಬಂದೈತೆ ಕಣಮ್ಮ," ಎಂದು ಮಹಾಲಿಂಗಯ್ಯ ಕಾಗದವನ್ನು ಮೇಲಕ್ಕೆ ಚಾಚಿದರು.

ಲಕ್ಕಮ್ಮ ಒಡೆದು ಓದಿದಳು. "ನನ್ನ ಕಳ್ಸಿ ಅಂತ ಬರ್ದವ್ರೆ!" ಮುಂದಿನ ಸಾಲನ್ನು ತಡೆತಡೆದು ಕನ್ನಡ ಮಾಡಿದಳು. "ಏಳು ವರ್ಷದ್ ಹಿಂದೆ ನಿಮ್ಮನ್ನೂ ಕರೆದಿದ್ವಿ. ಒಂದು ವರ್ಷ ನಿಮ್ ಜಾಗ ಖಾಲಿ ಇಟ್ಕೊಂಡು ಕಾದ್ವಿ. ನೀವು ಉತ್ರ ಬರೀಲಿಲ್ಲ..." ಗುಣಿಯ ಕಡೆ ಬಗ್ಗಿದಳು. "ಮಾಸ್ಟ್ರೇ, ಆವಾಗ ಕಾಗ್ದ ಬಂದಿತ್ತಾ?"

ಎಲ್ಲರೂ ಬಗ್ಗಿದರು. ಮಹಾಲಿಂಗಯ್ಯ ಮಂಡಿಯೂರಿ ಎರಡೂ ಕೈಯಲ್ಲಿ ವಿಭೂತಿ ಬಗೆಯತೊಡಗಿದರು. ತಂಗಿಯ ತೊಡೆಯ ಪಕ್ಕದಿಂದ ಮೊದಲು ಹೊರಬಂದದ್ದು ಲಕೋಟೆಯ ಬೆನ್ನು. ಅದರ ಮೇಲೆ, ಕಾಗದ ಬಂದ ದಿನ ಅವರೇ ಒತ್ತಿದ್ದ ದುಂಡು ಮುದ್ರೆಯೂ ಏಳು ವರ್ಷದ ಹಿಂದಿನ ತಾರೀಖೂ ಒಂದಿಷ್ಟೂ ಮಾಸಿರಲಿಲ್ಲ.