ಕೊನೇ ಸ್ಟಾಪಿನ ಹುಡುಗಿ

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ," ಎಂದು ಕಂಡಕ್ಟರಮ್ಮ ಗೇಟಿಗೆ ಅಡ್ಡ ನಿಂತು ಹೇಳಿದರು.

ಹೊಸ ಪೋಸ್ಟ್‌ಮ್ಯಾನ್ ಲಕೋಟೆಯನ್ನು ಇನ್ನೊಮ್ಮೆ ಓದಿದ. ಮನೆ ನಂಬರು ಇದೇ, ಬೀದಿಯೂ ಇದೇ. "ಮಹಡಿ ಮೇಲೆ ಓದೋ ಮಕ್ಕಳಿದ್ದಾರಂತಲ್ಲ, ಒಂದ್ಸಲ ಕೇಳಿ ನೋಡಿ ಅಮ್ಮ. ರಿಜಿಸ್ಟರ್ಡ್ ಕಾಗದ."

"ಮೂವತ್ತೊಂದು ವರ್ಷ ಬಸ್ಸಲ್ಲಿ ಜನ ಎಣಿಸಿದೀನಪ್ಪ. ನನ್ನ ಮನೇಲಿ ಯಾರಿದ್ದಾರೆ ಯಾರಿಲ್ಲ ಅಂತ ನಂಗೊತ್ತಿಲ್ವಾ? ಇಲ್ಲ ಅಂದ್ರೆ ಇಲ್ಲ. ರೈಟ್, ಹೊರಡು."

ಅವನು ಲಕೋಟೆಯ ಮೇಲೆ ಏನೋ ಗೀಚಿಕೊಂಡು ಸೈಕಲ್ ಹತ್ತಿದ. ಕಂಡಕ್ಟರಮ್ಮ ಯುದ್ಧ ಗೆದ್ದವರ ಹಾಗೆ ಒಳಗೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಬಟ್ಟೆ ಒಗೆಯಲು ಕೂತರು.

ಈ ಹೆಂಗಸಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಿವೃತ್ತಿಯಾದ ಮೇಲೆ ಅವರು ಮಹಡಿಯ ಎರಡು ಕೋಣೆಗಳನ್ನು ನಾಲ್ವರು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಾಗ ಬೀದಿಗೆ ಬೀದಿಯೇ ಮೂಗು ಮುರಿದಿತ್ತು. ನಾಲ್ವರಲ್ಲಿ ಇಬ್ಬರು ಟ್ರಾನ್ಸ್‌ಜೆಂಡರ್ ಮಕ್ಕಳು. ಒಬ್ಬಳು ನರ್ಸಿಂಗ್ ಓದುವ ಹುಡುಗಿ. ಹುಟ್ಟಿದಾಗ ಮನೆಯವರು ಅವಳನ್ನು ಗಂಡುಮಗು ಎಂದುಕೊಂಡಿದ್ದರು. ಇನ್ನೊಬ್ಬ ವೈರಿಂಗ್ ಕಲಿಯುವ ಹುಡುಗ. ಅವನನ್ನು ಮನೆಯವರು ಹೆಣ್ಣೆಂದು ಬೆಳೆಸಿದ್ದರು. ಏಳು ಮನೆಗಳ ಬಾಗಿಲು ಇವರ ಮುಖದ ಮೇಲೆ ಮುಚ್ಚಿತ್ತು. "ಟಿಕೆಟ್ ತಗೊಂಡೋರೆಲ್ಲ ಪ್ರಯಾಣಿಕರೇ. ಇನ್ನೇನು ಕೇಳೋದಿದೆ?" ಎಂದು ಕಂಡಕ್ಟರಮ್ಮ ಎದುರುಮನೆಯಾಕೆಯ ಬಾಯಿ ಮುಚ್ಚಿಸಿದ್ದರು.

ಅವರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಸದಾ ಬಾಗಿಲಿಗೆ ಒರಗಿ ನಿಲ್ಲುವ ಆ ಹುಡುಗ 'ಫುಟ್‌ಬೋರ್ಡು' ಆದ. ನರ್ಸಿಂಗ್ ಹುಡುಗಿ 'ಕೊನೇ ಸ್ಟಾಪು'. ಅದಕ್ಕೂ ಕಾರಣವಿತ್ತು. ಜಡೆ, ಬಟ್ಟೆ, ನಡೆ ಎಲ್ಲ ಸರಿ, ದನಿ ಮಾತ್ರ ಗಡಸು. ಬಾಯಿ ಬಿಟ್ಟರೆ ಬಸ್ಸೆಲ್ಲ ತಿರುಗಿ ನೋಡುತ್ತದೆಂದು ಅವಳಿಗೆ ಭಯ. ಜೊತೆಗೆ ಇಳಿಯುವವರು ಯಾರೂ ಇಲ್ಲದ ದಿನ "ನಿಲ್ಸಿ" ಎನ್ನಲಾರದೆ ಕೊನೆಯ ಸ್ಟಾಪಿನ ತನಕ ಹೋಗಿ, ಅಲ್ಲಿಂದ ಎರಡು ಮೈಲಿ ನಡೆದು ಬರುತ್ತಿದ್ದಳು. ಮನೆಯೊಳಗೆ ಮಾತ್ರ ಅವಳ ನಗು ಮೂರು ಮನೆಗೆ ಕೇಳುತ್ತಿತ್ತು.

ಹೋದ ವರ್ಷ ಅವಳ ಚಿಕ್ಕಪ್ಪ ಬಂದು, ಗೇಟಿನ ಮುಂದೆ ಅವಳ ಹಳೆಯ ಹೆಸರು ಕೂಗಿ ರಂಪ ಮಾಡಿದ್ದ. ಹುಡುಗಿ ಎರಡು ದಿನ ಊಟ ಬಿಟ್ಟಳು. ಅವತ್ತೇ ಮನೆಯಲ್ಲಿ ಕಾನೂನಾಯಿತು: ಆ ಹೆಸರು ಹಿಡಿದು ಯಾರೇ ಕೇಳಲಿ, ಅಂಥವರು ಇಲ್ಲಿ ಇಲ್ಲ.

ಮಧ್ಯಾಹ್ನ ಫುಟ್‌ಬೋರ್ಡು ಮಹಡಿಯಿಂದ ಇಳಿದು ಬಂದ. "ಅಮ್ಮಾ, ಪೋಸ್ಟ್ ಏನಾದ್ರೂ ಬಂತಾ? ಅವಳ ಆಸ್ಪತ್ರೆ ಟ್ರೈನಿಂಗ್ ಆರ್ಡರ್ ಇವತ್ತಾದ್ರೂ ಬರ್ಲೇಬೇಕು."

"ಬಂದಿತ್ತು ಒಂದು, ಆ ದರಿದ್ರ ಹೆಸರಿಗೆ. ಓಡಿಸಿದೆ ನೋಡು," ಎಂದರು ಕಂಡಕ್ಟರಮ್ಮ ಹೆಮ್ಮೆಯಿಂದ.

ಹುಡುಗ ಮೆಟ್ಟಿಲ ಮೇಲೆ ಕುಸಿದು ಕೂತ. "ಅಯ್ಯೋ, ಅದೇ ಅಮ್ಮ ಅದು! ಹೆಸರು ಬದಲಾಯಿಸಿ ಅಂತ ಅರ್ಜಿ ಕೊಟ್ಟು ಏಳು ತಿಂಗಳಾಯ್ತು, ಕಾಲೇಜಲ್ಲಿ ಇನ್ನೂ ಹಳೇದೇ ಇದೆ. ನಾಳೆ ಎಂಟು ಗಂಟೆಗೆ ಆ ಕಾಗದ ತೋರಿಸದಿದ್ರೆ ಅವಳ ಜಾಗ ಬೇರೆಯವರಿಗೆ. ವಾಪಸ್ ಹೋಗೋ ಕಾಗದಗಳ ಚೀಲ ಅಂಚೆ ಕಚೇರಿಯಿಂದ ನಾಲ್ಕಕ್ಕೆ ಹೊರಡುತ್ತೆ."

ಕಂಡಕ್ಟರಮ್ಮ ಸೋಪಿನ ಕೈಯಲ್ಲೇ ಹಣೆ ಚಚ್ಚಿಕೊಂಡರು. "ಮೂವತ್ತೊಂದು ವರ್ಷದಲ್ಲಿ ಒಬ್ಬರನ್ನೂ ದಾರಿ ಮಧ್ಯೆ ಇಳಿಸಿದವಳಲ್ಲ ನಾನು. ಮನೆ ಮಗಳನ್ನೇ ಇಳಿಸಿಬಿಟ್ನಲ್ಲೋ!"

ಗದ್ದಲ ಕೇಳಿ ಬಂದ ಹುಡುಗಿಗೆ ವಿಷಯ ತಿಳಿಯಿತು. ಅವಳ ಮುಖ ಬಿಳಿಚಿಕೊಂಡಿತು. "ಬೈಯಮ್ಮ, ಚೆನ್ನಾಗಿ ಬೈದುಬಿಡು," ಎಂದರು ಕಂಡಕ್ಟರಮ್ಮ. ಅವಳು ಕಣ್ಣೊರೆಸಿಕೊಂಡು, "ನನಗೋಸ್ಕರ ಜಗಳ ಆಡೋಕೆ ಇನ್ಯಾರಿದ್ದಾರೆ? ಬಿಡಿ, ಸೀರೆ ಬದಲಾಯಿಸಿ, ಹೋಗೋಣ," ಎಂದಳು.

ಅಂಚೆ ಕಚೇರಿಯಲ್ಲಿ ಹದಿನೈದು ಜನರ ಸಾಲು. ಅವರ ಸರದಿ ಬಂದಾಗ ಗೋಡೆ ಗಡಿಯಾರದಲ್ಲಿ ಮೂರೂವರೆ. ಗಾಜಿನ ಹಿಂದೆ ಕೂತಿದ್ದ ಗುಮಾಸ್ತ ತಲೆಯೆತ್ತದೆ, "ಹೆಸರು?" ಎಂದ.

ಹುಡುಗಿ ಗಾಜಿನ ಕಿಂಡಿಗೆ ಬಾಗಿ ಆ ಹಳೆಯ ಹೆಸರನ್ನು ಪಿಸುಗುಟ್ಟಿದಳು.

"ಕೇಳಿಸ್ಲಿಲ್ಲ. ಜೋರಾಗಿ ಹೇಳಿ."

ಇನ್ನೊಮ್ಮೆ ಹೇಳಿದಳು. "ಇನ್ನೂ ಜೋರಾಗಿ ಹೇಳಮ್ಮ, ಫ್ಯಾನ್ ಸದ್ದು," ಎಂದ ಅವನು. ಹಿಂದಿನ ಸಾಲು ಅಷ್ಟರಲ್ಲಿ ಮಾತು ನಿಲ್ಲಿಸಿ ಕಿವಿ ನಿಮಿರಿಸಿತ್ತು. ಒಬ್ಬಳು ಕತ್ತು ಉದ್ದ ಮಾಡಿ ಹುಡುಗಿಯ ಮುಖವನ್ನೇ ನೋಡತೊಡಗಿದಳು. ಹುಡುಗಿ ಕಿಂಡಿಯಿಂದ ಹಿಂದೆ ಸರಿದಳು. "ಬೇಡ ಅಮ್ಮ. ನನ್ನ ಕೈಲಾಗಲ್ಲ. ಮನೆಗೆ ಹೋಗೋಣ."

"ಹೋಲ್ಡಾನ್," ಎಂದರು ಕಂಡಕ್ಟರಮ್ಮ. ಬಸ್ಸು ನಿಲ್ಲಿಸುವ ಅದೇ ಹಳೆಯ ಕೂಗು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ, ಸಾಲಿನ ಕಡೆ ತಿರುಗಿದರು.

"ಏನ್ರೀ ಇದು, ಎಲ್ಲ ಬಾಗ್ಲಲ್ಲೇ ನಿಂತ್ಬಿಟ್ರೆ ಹೆಂಗೆ! ಹಿಂದೆ ಹೋಗಿ, ಹಿಂದೆ ಹೋಗಿ, ಎಷ್ಟೊಂದು ಜಾಗ ಇದೆ! ಏ ಚೀಲದಣ್ಣ, ಚೀಲ ಕಾಲಡಿ ಇಟ್ಕೊ! ಅಜ್ಜ ನಿಂತಿದ್ದಾರೆ, ಕಣ್ಣು ಕಾಣಲ್ವಾ? ಬೆಂಚಿಂದ ಏಳ್ರಪ್ಪ ಯಾರಾದ್ರೂ! ಅಕ್ಕಾ, ಕತ್ತು ಒಳಗೆ, ಕತ್ತು ಒಳಗೆ! ಎದುರಿಂದ ಲಾರಿ ಬರ್ತಿದೆ ಅನ್ಕೊಳ್ಳಿ!"

ಆ ಗಂಟಲಿನ ಪ್ರತಾಪ ಏನು ಹೇಳುವುದು! ಯಾಕೆ, ಏನು ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡರು. ಯಾರೋ ನಕ್ಕರು, ಯಾರೋ ಬೈದರು, ಅಜ್ಜನಿಗೆ ಬೆಂಚು ಸಿಕ್ಕಿತು. ಆ ಗಲಾಟೆಯ ಮರೆಯಲ್ಲಿ ಹುಡುಗಿ ಕಿಂಡಿಗೆ ಬಾಯಿಟ್ಟು ತನ್ನ ಪೂರ್ತಿ ದನಿಯಲ್ಲಿ ಹೆಸರು ಹೇಳಿದಳು. ಅದು ಗುಮಾಸ್ತನೊಬ್ಬನಿಗೇ ಕೇಳಿಸಿತು.

ಅವನು ಗುರುತಿನ ಚೀಟಿ ನೋಡಿದ, ಅವಳನ್ನು ನೋಡಿದ, ಮತ್ತೆ ಚೀಟಿ ನೋಡಿದ. "ಫೋಟೋ ಹಳೇದು," ಎಂದಳು ಅವಳು.

"ಕಾಣ್ತಿದೆ. ಸಹಿ ಹಾಕು, ನೋಡೋಣ."

ಚೀಟಿಯ ಸಹಿ, ಈಗ ಹಾಕಿದ ಸಹಿ, ಎರಡರ ಮೇಲೂ ಅವನು ಬೆರಳಾಡಿಸಿದ. ಚೀಲದ ಬಾಯಿ ಬಿಚ್ಚಿ, ಲಕೋಟೆ ಹುಡುಕಿ, ಕಿಂಡಿಯಲ್ಲಿ ತಳ್ಳಿದ. "ತಗೋಮ್ಮ. ನಿಮ್ಮಮ್ಮಂಗೆ ಸಾಕು ಅಂತ ಹೇಳು."

ಹುಡುಗಿ ಮೊಣಕೈ ಮುಟ್ಟುವ ತನಕ ಕಂಡಕ್ಟರಮ್ಮ ಕೂಗುತ್ತಲೇ ಇದ್ದರು.

ವಾಪಸ್ ಬರುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಹುಡುಗಿ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಕಂಡಕ್ಟರಮ್ಮ ಏನೋ ಹೇಳಹೋದರು. ಗಂಟಲಿಂದ ಬರೀ ಗಾಳಿ ಬಂತು. ಮತ್ತೆ ಕೆಮ್ಮಿ ಪ್ರಯತ್ನಿಸಿದರು. ದನಿ ಪೂರ್ತಿ ಬಿದ್ದುಹೋಗಿತ್ತು. ಮುದುಕಿಗೆ ತನ್ನ ಸ್ಥಿತಿ ನೋಡಿ ತನಗೇ ನಗು.

ಟೈರ್ ಅಂಗಡಿ ದಾಟಿತು. ಅದಾದ ಮೇಲೆ ಅವರ ಸ್ಟಾಪು. ಇಳಿಯಲು ಎದ್ದವರು ಬೇರೆ ಯಾರೂ ಇರಲಿಲ್ಲ. ಕಂಡಕ್ಟರ್ ಮುಂದುಗಡೆ ಚಿಲ್ಲರೆಯ ಜಗಳದಲ್ಲಿದ್ದ. ಕಂಡಕ್ಟರಮ್ಮ ಬಾಯಿ ತೆರೆದರು, ಮುಚ್ಚಿದರು, ಹುಡುಗಿಯ ಕಡೆ ನೋಡಿದರು. ಎರಡು ಮೈಲಿ ನಡೆಯುವ ಮಂಡಿ ಅವರದ್ದಲ್ಲ ಎಂಬುದು ಹುಡುಗಿಗೆ ಗೊತ್ತಿತ್ತು. ಆ ಮಂಡಿ ನೋವಿಗೇ ಅವರು ಮಹಡಿಗೆ ನೀರು ಹೊರುವುದನ್ನು ತಪ್ಪಿಸಿದವಳು ಅವಳು. ಅವಳು ತುಂಬಿದ ಬಸ್ಸನ್ನೊಮ್ಮೆ ನೋಡಿದಳು. ಕಿಟಕಿಯಲ್ಲಿ ಅವರ ಬೀದಿಯ ತಿರುವು ಬಂದೇಬಿಟ್ಟಿತು.

"ಹೋಲ್ಡಾನ್! ಇಳಿಯೋರಿದ್ದಾರೆ!"

ಬಸ್ಸೆಲ್ಲ ತಿರುಗಿ ನೋಡಿತು. ಬಸ್ಸು ಕಿರ್ರೆಂದು ನಿಂತಿತು. ಹುಡುಗಿ ಮೊದಲು ತಾನಿಳಿದು, ಕೈ ಚಾಚಿ ಕಂಡಕ್ಟರಮ್ಮನನ್ನು ಇಳಿಸಿಕೊಂಡಳು. ದನಿಯಿಲ್ಲದ ಕಂಡಕ್ಟರಮ್ಮ ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ತಟ್ಟಿದರು, ಬಸ್ಸು ಮುಂದೆ ಹೋಯಿತು.